ಪೀಕಿಂಗ್ ಒಪೇರಾ ನೋಡುವುದನ್ನು ಕಲಿಯೋಣ: ಹೊಸಬರಿಗೆ ಹಂತ ಹಂತದ ಮಾರ್ಗದರ್ಶಿ

ಚೀನಾದ ರಂಗಭೂಮಿಯ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆ ಒಂದೇ. ಯೂಟ್ಯೂಬ್‌ನಲ್ಲಿ ಪೀಕಿಂಗ್ ಒಪೇರಾ ಹಾಕಿದೆವು, ವೇಷಭೂಷಣ ಕಣ್ಣಿಗೆ ಹಬ್ಬವಾಗಿತ್ತು, ಆದರೆ ಹತ್ತು ನಿಮಿಷದಲ್ಲಿ ಜಾಗಟೆಯ ಸದ್ದಿಗೆ ತಲೆ ಸಿಡಿಯಿತು, ಒಂದು ಮಾತೂ ಅರ್ಥವಾಗಲಿಲ್ಲ, ಆರಿಸಿಬಿಟ್ಟೆವು. ಇದನ್ನು ನೋಡುವುದು ಹೇಗೆ, ಎಲ್ಲಿಂದ ಶುರು ಮಾಡಬೇಕು?

ಕಥೆ ತಿಳಿದುಕೊಳ್ಳಲೆಂದು ನೋಡಲು ಕುಳಿತರೆ ಬೇಸರವಾಗುವುದು ಖಂಡಿತ. ಬೀಜಿಂಗ್‌ನ ಹಳೆಯ ರಸಿಕರಿಗೆ ಕಥೆ ಚಿಕ್ಕಂದಿನಿಂದಲೇ ಬಾಯಿಪಾಠ. ಈ ನಟಿ ಇವತ್ತು ಆ ಸಾಲನ್ನು ಎಲ್ಲಿ ಎಳೆಯುತ್ತಾಳೆ, ಆ ತೋಳನ್ನು ಯಾವ ಕ್ಷಣದಲ್ಲಿ ಬೀಸುತ್ತಾಳೆ ಎಂದು ನೋಡಲು ಅವರು ಟಿಕೆಟ್ ಕೊಂಡು ಬರುತ್ತಾರೆ. ನೀವೂ ಹಾಗೇ ಮಾಡಬೇಕು. ಕಥೆಯನ್ನು ಮೊದಲೇ ಓದಿ ಮುಗಿಸಿ, ನೋಡುವಾಗ ಕಣ್ಣು ಕಿವಿಗಳನ್ನು ಕೌಶಲದ ಕಡೆಗೆ ಬಿಡಿ. ಈ ಲೇಖನ ಪೂರ್ತಿ ನಿಂತಿರುವುದು ಈ ಒಂದು ಸಲಹೆಯ ಮೇಲೆ.

ಏನೇನು ಬೇಕು

ಚೀನೀ ಭಾಷೆ ಬೇಕಿಲ್ಲ. ರಂಗದ ಮೇಲಿನ ಗಂಭೀರ ಪಾತ್ರಗಳ ಮಾತು ಹಳೆಯ ಕಾಲದ ಉಚ್ಚಾರಣೆಯಲ್ಲಿ ರಾಗವಾಗಿ ಬರುವುದರಿಂದ ಚೀನೀಯರೇ ಉಪಶೀರ್ಷಿಕೆ ಓದುತ್ತಾರೆ. ಒಳ್ಳೆಯ ಹೆಡ್‌ಫೋನ್ ಇರಲಿ. ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಜಾಗಟೆ ಬರೀ ಗದ್ದಲವಾಗಿ ಕೇಳುತ್ತದೆ. ಸಾಧ್ಯವಾದರೆ ದೊಡ್ಡ ಪರದೆ ಬಳಸಿ, ಬೆರಳುಗಳ ಕೆಲಸ ಸಣ್ಣ ಪರದೆಯಲ್ಲಿ ಕಳೆದುಹೋಗುತ್ತದೆ. ಜೊತೆಗೆ ಒಂದೇ ದೃಶ್ಯವನ್ನು ಮತ್ತೆ ಮತ್ತೆ ನೋಡುವ ತಾಳ್ಮೆ ಬೇಕು.

ಹಂತ 1: ಯಾವ ಪ್ರಕಾರ ಎಂದು ಮೊದಲು ತೀರ್ಮಾನಿಸಿ

‘ಚೀನೀ ಒಪೇರಾ’ ಎಂಬ ಒಂದೇ ಕಲೆ ಇಲ್ಲ. ಹಾಡು, ಮಾತು, ಅಭಿನಯ, ಕಾಳಗ ನಾಲ್ಕೂ ಕೂಡಿದ ಸಾಂಪ್ರದಾಯಿಕ ರಂಗಭೂಮಿಗೆ ಚೀನಾದಲ್ಲಿ ‘ಶಿಚು’ ಎನ್ನುತ್ತಾರೆ. ಅದರೊಳಗೆ ಮುನ್ನೂರಕ್ಕೂ ಹೆಚ್ಚು ಪ್ರಾದೇಶಿಕ ಪ್ರಕಾರಗಳಿವೆ. ಪ್ರತಿಯೊಂದಕ್ಕೂ ತನ್ನದೇ ಉಪಭಾಷೆ, ತನ್ನದೇ ರಾಗಗಳು. ಬೀಜಿಂಗ್‌ನದು ‘ಜಿಂಗ್‌ಜು’, ನಾವು ಪೀಕಿಂಗ್ ಒಪೇರಾ ಎನ್ನುವುದು ಇದನ್ನೇ. ಸುಝೌ ನಗರದ ಸುತ್ತಮುತ್ತ ಹುಟ್ಟಿದ ‘ಕುನ್‌ಚು’ ಇದಕ್ಕಿಂತ ಬಹಳ ಹಳೆಯದು, ಕೊಳಲಿನ ಜೊತೆ ಹರಿಯುವ ಮೃದುವಾದ ಪ್ರಕಾರ. ಹಾಂಗ್‌ಕಾಂಗ್ ಮತ್ತು ಗುವಾಂಗ್‌ಡಾಂಗ್ ಕಡೆ ಕ್ಯಾಂಟನೀಸ್ ಒಪೇರಾ, ಶಾನ್‌ಶಿ ಪ್ರಾಂತ್ಯದಲ್ಲಿ ಗಂಟಲು ಬಿಚ್ಚಿ ಹಾಡುವ ‘ಚಿನ್‌ಚಿಯಾಂಗ್’, ಝೆಜಿಯಾಂಗ್‌ನಲ್ಲಿ ಗಂಡು ಪಾತ್ರಗಳನ್ನೂ ಹೆಣ್ಣುಮಕ್ಕಳೇ ಮಾಡುವ ಶಾವೋಶಿಂಗ್ ಒಪೇರಾ. ಯುನೆಸ್ಕೋ ಕುನ್‌ಚುವನ್ನು 2001ರಲ್ಲಿ, ಕ್ಯಾಂಟನೀಸ್ ಒಪೇರಾವನ್ನು 2009ರಲ್ಲಿ, ಪೀಕಿಂಗ್ ಒಪೇರಾವನ್ನು 2010ರಲ್ಲಿ ಮಾನವಕುಲದ ಪರಂಪರೆಯೆಂದು ಮಾನ್ಯ ಮಾಡಿತು.

ಹೊಸಬರು ಪೀಕಿಂಗ್ ಒಪೇರಾದಿಂದ ಶುರು ಮಾಡುವುದು ಒಳ್ಳೆಯದು. ಧ್ವನಿಮುದ್ರಿಕೆಗಳು ಹೇರಳ, ಉಪಶೀರ್ಷಿಕೆ ಇರುವ ವಿಡಿಯೋ ಹುಡುಕಿದರೆ ಸಿಗುತ್ತದೆ, ಹಾಡು ಹಿಡಿಸದಿದ್ದರೂ ಕಾಳಗ ಮತ್ತು ಮೂಕಾಭಿನಯ ಕೈ ಹಿಡಿಯುತ್ತವೆ.

ಎಚ್ಚರಿಕೆ: ಕ್ಷಣಾರ್ಧದಲ್ಲಿ ಮುಖದ ಬಣ್ಣ ಬದಲಾಯಿಸುವ ವಿಡಿಯೋಗಳನ್ನು ನೋಡಿ ‘ಇದೇ ಪೀಕಿಂಗ್ ಒಪೇರಾ’ ಎಂದುಕೊಂಡವರು ಬಹಳ. ಅದು ಸಿಚುವಾನ್ ಪ್ರಾಂತ್ಯದ ಒಪೇರಾಕ್ಕೆ ಸೇರಿದ ವಿದ್ಯೆ. ಇನ್ನೊಂದು ತೊಡಕೂ ಇದೆ. ಕ್ಯಾಂಟನೀಸ್ ಒಪೇರಾ ಮತ್ತು ಶಾವೋಶಿಂಗ್ ಒಪೇರಾ ಎರಡರ ಹೆಸರನ್ನೂ ರೋಮನ್ ಅಕ್ಷರಗಳಲ್ಲಿ ಒಂದೇ ರೀತಿ, ‘ಯುಎಜು’ ಎಂದೇ ಬರೆಯುತ್ತಾರೆ. ವಿಡಿಯೋದಲ್ಲಿ ನಾಯಕ ನಾಯಕಿ ಇಬ್ಬರದೂ ಹೆಣ್ಣು ದನಿಯಾಗಿದ್ದರೆ ಅದು ಬಹುತೇಕ ಶಾವೋಶಿಂಗ್‌ನದು.

ಹಂತ 2: ಇಷ್ಟು ಇತಿಹಾಸ ತಿಳಿದಿರಲಿ

8ನೇ ಶತಮಾನದಲ್ಲಿ ಟಾಂಗ್ ವಂಶದ ಚಕ್ರವರ್ತಿ ಶುವಾನ್‌ಝೋಂಗ್ ತನ್ನ ರಾಜಧಾನಿ ಚಾಂಗ್‌ಆನ್‌ನ ಪೇರ್ ಹಣ್ಣಿನ ತೋಟದಲ್ಲಿ ಗಾಯಕರನ್ನೂ ನರ್ತಕರನ್ನೂ ತರಬೇತಿಗೊಳಿಸಿದ. ಒಪೇರಾ ಕಲಾವಿದರನ್ನು ಇಂದಿಗೂ ‘ಪೇರ್ ತೋಟದ ಶಿಷ್ಯರು’ ಎಂದು ಕರೆಯುವುದು ಅದರಿಂದಲೇ. ಆದರೆ ಪೂರ್ಣ ಪ್ರಮಾಣದ ನಾಟಕ ಬೆಳೆದದ್ದು ಸಾಂಗ್ ವಂಶದ ಉತ್ತರಾರ್ಧದಲ್ಲಿ ದಕ್ಷಿಣದ ಪಟ್ಟಣಗಳಲ್ಲಿ, ಆಮೇಲೆ 13-14ನೇ ಶತಮಾನದ ಮಂಗೋಲ್ ಆಳ್ವಿಕೆಯಲ್ಲಿ. ಗುವಾನ್ ಹಾನ್‌ಚಿಂಗ್‌ನಂತಹ ನಾಟಕಕಾರರು ಬರೆದದ್ದು ಆ ಕಾಲದಲ್ಲಿ. ನಾಲ್ಕು ಅಂಕ, ಸಾಮಾನ್ಯವಾಗಿ ಒಬ್ಬನೇ ಮುಖ್ಯ ಪಾತ್ರಧಾರಿಗೆ ಎಲ್ಲ ಹಾಡುಗಳು, ಇದು ಆ ನಾಟಕಗಳ ಕಟ್ಟು. 16ನೇ ಶತಮಾನದಲ್ಲಿ ವೇಯ್ ಲಿಯಾಂಗ್‌ಫು ಎಂಬ ಸಂಗೀತಗಾರ ಕುನ್‌ಶಾನ್ ಊರಿನ ಹಾಡುಗಾರಿಕೆಯನ್ನು ತಿದ್ದಿ ತೀಡಿದ. ಅದೇ ಕುನ್‌ಚು ಆಗಿ ಮುಂದೆ ಸುಮಾರು ಎರಡು ಶತಮಾನ ಪಂಡಿತರ ಮತ್ತು ಅರಮನೆಯ ಮೆಚ್ಚಿನ ರಂಗವಾಯಿತು.

ಪೀಕಿಂಗ್ ಒಪೇರಾದ ಹುಟ್ಟಿಗೆ ಎಲ್ಲರೂ ಹೇಳುವ ವರ್ಷ 1790. ಚಿಯಾನ್‌ಲಾಂಗ್ ಚಕ್ರವರ್ತಿಯ 80ನೇ ಹುಟ್ಟುಹಬ್ಬಕ್ಕೆ ಆನ್‌ಹುಯ್ ಪ್ರಾಂತ್ಯದ ‘ಸಾನ್‌ಚಿಂಗ್’ ಮೇಳ ಬೀಜಿಂಗ್‌ಗೆ ಬಂತು. ಬಂದ ಮೇಳ ಅಲ್ಲೇ ಉಳಿಯಿತು, ಬೆನ್ನಿಗೇ ಇನ್ನೂ ಮೂರು ಮೇಳಗಳು ಬಂದವು. ಇವರ ‘ಅರ್‌ಹುವಾಂಗ್’ ರಾಗಗಳೊಂದಿಗೆ ಹುಬೇಯ್ ಕಡೆಯ ಕಲಾವಿದರು ತಂದ ‘ಶಿಪಿ’ ರಾಗಗಳು ಬೆರೆತು, 19ನೇ ಶತಮಾನದ ಮಧ್ಯದ ಹೊತ್ತಿಗೆ ಹೊಸ ಪ್ರಕಾರವೊಂದು ನಿಂತಿತು. ರಾಜಧಾನಿಯ ಹೆಸರು ಹೊತ್ತ ಈ ಕಲೆಯ ಬೇರು ಹೊರಗಿನ ಪ್ರಾಂತ್ಯಗಳಲ್ಲಿದೆ ಎಂಬುದನ್ನು ಮರೆಯಬೇಡಿ. ಹಂತ 5ರಲ್ಲಿ ಸಂಗೀತ ಕೇಳುವಾಗ ಇದು ನೆರವಿಗೆ ಬರುತ್ತದೆ.

ಚೀನಾದ ಮೊದಲ ಚಲನಚಿತ್ರವೆಂದು ಹೆಸರಾದ 1905ರ ‘ದಿಂಗ್‌ಜುನ್ ಬೆಟ್ಟ’ದಲ್ಲಿ ಇದ್ದದ್ದೂ ಪೀಕಿಂಗ್ ಒಪೇರಾದ ದೃಶ್ಯಗಳೇ, ತಾನ್ ಶಿನ್‌ಪೇಯ್ ಎಂಬ ಮಹಾನಟನವು. ನಂತರದ ತಲೆಮಾರಿನ ಮೇಯ್ ಲಾನ್‌ಫಾಂಗ್ (1894-1961) ಈ ಕಲೆಯನ್ನು ಹೊರದೇಶಗಳಿಗೆ ಒಯ್ದರು. ಜಪಾನ್ 1919ರಲ್ಲಿ, ಅಮೆರಿಕ 1930ರಲ್ಲಿ, ಸೋವಿಯತ್ ಒಕ್ಕೂಟ 1935ರಲ್ಲಿ. ಮಾಸ್ಕೋದಲ್ಲಿ ಮೇಯ್ ಅವರ ಅಭಿನಯ ನೋಡಿದವರಲ್ಲಿ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಒಬ್ಬ. ಪಾತ್ರದೊಳಗೆ ಮುಳುಗಿಹೋಗದೆ ಪಾತ್ರವನ್ನು ತೋರಿಸುವ ನಟನ ಬಗ್ಗೆ ಆತ ಚೀನೀ ಅಭಿನಯವನ್ನು ಆಧರಿಸಿ ಪ್ರಬಂಧವನ್ನೇ ಬರೆದ. ಕನ್ನಡ ರಂಗಭೂಮಿಯಲ್ಲಿ ಬ್ರೆಕ್ಟ್ ನಾಟಕಗಳನ್ನು ಆಡಿದವರು, ನೋಡಿದವರು ಅನೇಕರಿದ್ದೀರಿ. ಆ ಚಿಂತನೆಯ ಒಂದು ಎಳೆ ಎಲ್ಲಿಂದ ಬಂತು ಎಂದು ಕಾಣಬೇಕಾದರೆ ಪೀಕಿಂಗ್ ಒಪೇರಾ ನೋಡಲೇಬೇಕು.

1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸಾಂಪ್ರದಾಯಿಕ ಪ್ರಸಂಗಗಳು ರಂಗದಿಂದ ಮಾಯವಾದವು. ಅವುಗಳ ಜಾಗಕ್ಕೆ ಬಂದದ್ದು ‘ಮಾದರಿ ನಾಟಕ’ಗಳೆಂಬ ಕ್ರಾಂತಿಕಾರಿ ಕಥೆಗಳು. ಚಕ್ರವರ್ತಿಗಳ ಬದಲು ಸೈನಿಕರ ಸಮವಸ್ತ್ರದಲ್ಲಿ ನಟರು ಹಾಡುವ ವಿಡಿಯೋ ಕಣ್ಣಿಗೆ ಬಿದ್ದರೆ ಅದು ಈ ಕಾಲದ್ದಿರಬಹುದು. ಹಳೆಯ ಪ್ರಸಂಗಗಳು ಮರಳಿದ್ದು 1970ರ ದಶಕದ ಕೊನೆಯಲ್ಲಿ.

ಹಂತ 3: ನಾಲ್ಕು ವರ್ಗದ ಪಾತ್ರಗಳನ್ನು ಗುರುತಿಸಿ

ಪಾತ್ರಗಳು ನಾಲ್ಕು ವರ್ಗ. ಗಂಡಸರು ‘ಶೆಂಗ್’, ಹೆಂಗಸರು ‘ದಾನ್’, ಮುಖಕ್ಕೆ ಪೂರ್ತಿ ಬಣ್ಣ ಬರೆದ ಗಂಡಸರು ‘ಜಿಂಗ್’, ವಿದೂಷಕರು ‘ಚೌ’. ನಟರು ಹುಡುಗರಾಗಿದ್ದಾಗಲೇ ಒಂದು ವರ್ಗಕ್ಕೆ ಸೇರಿ, ಸಾಮಾನ್ಯವಾಗಿ ಜೀವನಪೂರ್ತಿ ಅದನ್ನೇ ಸಾಧಿಸುತ್ತಾರೆ.

ಗುರುತಿಸುವುದು ಸುಲಭ. ಗಡ್ಡ ಇಳಿಬಿಟ್ಟು ಸಹಜ ದನಿಯಲ್ಲಿ ಹಾಡಿದರೆ ‘ಲಾವೋಶೆಂಗ್’, ಅಂದರೆ ಹಿರಿಯ ಗಂಡಸು. ಗಡ್ಡದ ಬಣ್ಣ ಕಪ್ಪು, ಬೂದು, ಬಿಳಿಯಾದಂತೆ ವಯಸ್ಸು ಏರುತ್ತದೆ. ಗಡ್ಡವಿಲ್ಲದ ಯುವಕ ‘ಶಿಯಾವೋಶೆಂಗ್’. ಇವನ ದನಿ ಸಹಜ ಸ್ವರಕ್ಕೂ ಕೀರಲಿಗೂ ನಡುವೆ ಜಿಗಿಯುತ್ತಿರುತ್ತದೆ, ಅದನ್ನು ಕೇಳಿ ಹೊಸಬರು ಬೆಚ್ಚುತ್ತಾರೆ. ಹರೆಯ ಬಂದ ಹುಡುಗನ ಒಡೆದ ದನಿಯನ್ನು ಸೂಚಿಸುವ ಶೈಲಿ ಅದು, ಒಂದೆರಡು ಪ್ರಸಂಗ ನೋಡುವಷ್ಟರಲ್ಲಿ ಕಿವಿ ಒಗ್ಗುತ್ತದೆ. ಕುಲೀನ ಹೆಣ್ಣು ‘ಚಿಂಗ್‌ಯಿ’, ಹಾಡೇ ಅವಳ ಬಲ. ಚುರುಕಿನ ಹುಡುಗಿ ‘ಹುವಾದಾನ್’, ಕಣ್ಣು ಮತ್ತು ಮಾತೇ ಅವಳ ಬಲ. ಮುದುಕಿ ‘ಲಾವೋದಾನ್’ ಕೀರಲು ಬಿಟ್ಟು ಸಹಜ ದನಿಯಲ್ಲಿ ಹಾಡುತ್ತಾಳೆ. ‘ವು’ ಎಂಬ ಮಾತು ಸೇರಿಕೊಂಡರೆ, ಅಂದರೆ ವುಶೆಂಗ್, ವುದಾನ್, ವುಚೌ ಎಂದರೆ, ಕಾಳಗದ ಪಾತ್ರ ಎಂದರ್ಥ.

ದಾನ್ ಪಾತ್ರದ ಮುಖವನ್ನು ಹತ್ತಿರದಿಂದ ತೋರಿಸುವ ವಿಡಿಯೋ ಸಿಕ್ಕರೆ ನಿಲ್ಲಿಸಿ ನೋಡಿ. ಕೆನ್ನೆಯ ಎರಡೂ ಬದಿಗೆ, ಹಣೆಯ ಮೇಲೆ ಕಪ್ಪು ಸುರುಳಿಗಳು ಚರ್ಮಕ್ಕೆ ಅಂಟಿಕೊಂಡಿರುತ್ತವೆ. ಅವು ಮರದ ಹೆರೆಯನ್ನು ನೆನೆಸಿ ತೆಗೆದ ಲೋಳೆಯಲ್ಲಿ ಅದ್ದಿ ಬಾಚಿ ಅಂಟಿಸಿದ ಕೂದಲಿನ ಪಟ್ಟಿಗಳು. ಅವುಗಳನ್ನು ಎಷ್ಟು ಒಳಗೆ ಅಂಟಿಸುತ್ತಾರೆ ಎಂಬುದರ ಮೇಲೆ ಅಗಲ ಮುಖವೂ ನೀಳವಾಗಿ ಕಾಣುತ್ತದೆ. ತಲೆಗೆ ಬಿಗಿಯಾಗಿ ಕಟ್ಟಿದ ಪಟ್ಟಿ ಹುಬ್ಬನ್ನೂ ಕಣ್ಣಿನ ತುದಿಯನ್ನೂ ಮೇಲಕ್ಕೆ ಎಳೆದು ಹಿಡಿಯುತ್ತದೆ. ಆ ಬಿಗಿತದಲ್ಲಿಯೇ ನಟಿ ಇಡೀ ಸಂಜೆ ಹಾಡುತ್ತಾಳೆ.

ಜಿಂಗ್ ಮುಖದ ಬಣ್ಣಗಳಿಗೆ ಅರ್ಥವಿದೆ. ಕೆಂಪು ನಿಷ್ಠೆಗೆ, ಕಪ್ಪು ನೇರವಂತಿಕೆಗೆ, ಬಿಳಿ ಕಪಟಕ್ಕೆ, ನೀಲಿ ಉಗ್ರ ಸ್ವಭಾವಕ್ಕೆ, ಚಿನ್ನದ ಬಣ್ಣ ದೇವತೆಗಳಿಗೆ. ಸೇನಾನಿ ಗುವಾನ್ ಯೂ ಕೆಂಪು, ತಂತ್ರಗಾರ ತ್ಸಾವೋ ತ್ಸಾವೋ ಬಿಳಿ.

ಎಚ್ಚರಿಕೆ: ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರು ಮುಖ ತುಂಬ ಬಣ್ಣ ಬರೆದವರನ್ನೆಲ್ಲ ರಾಕ್ಷಸರೆಂದುಕೊಳ್ಳುವುದು ಸಹಜ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಣೆಯಲ್ಲಿ ಬಿಳಿ ಅರ್ಧಚಂದ್ರವಿರುವ ಕಪ್ಪು ಮುಖದವನು ಬಾವೋ ಝೆಂಗ್, ಸಾಂಗ್ ವಂಶದ ಕಾಲದ ಪ್ರಾಮಾಣಿಕ ನ್ಯಾಯಾಧೀಶ; ಬಡವರ ಪಾಲಿನ ದೇವರು. ಹಾಗೆಯೇ ಮೂಗಿನ ಮೇಲೆ ಮಾತ್ರ ಬಿಳಿ ಚೌಕ ಬಳಿದುಕೊಂಡ ಚೌ ಪಾತ್ರವೆಲ್ಲ ಕೋಡಂಗಿಯಲ್ಲ. ಅದರಲ್ಲಿ ಒಳ್ಳೆಯ ಮುದುಕರಿದ್ದಾರೆ, ದುಷ್ಟ ಅಧಿಕಾರಿಗಳೂ ಇದ್ದಾರೆ.

ಹಂತ 4: ಮೊದಲ ಪ್ರಸಂಗ ಹಾಡಿಲ್ಲದ್ದಾಗಿರಲಿ

ಇಡೀ ನಾಟಕ ನೋಡಲು ಹೋಗಬೇಡಿ. ಚೀನಾದಲ್ಲಿಯೇ ಹೆಚ್ಚಾಗಿ ಆಡುವುದು ‘ಝೆಝಿಶಿ’, ಅಂದರೆ ದೊಡ್ಡ ನಾಟಕದಿಂದ ಆರಿಸಿ ತೆಗೆದ ಬಿಡಿ ಪ್ರಸಂಗ. ನಿಮ್ಮ ಮೊದಲ ಪ್ರಸಂಗ ‘ಸಾನ್‌ಚಾಕೌ’ ಆಗಿರಲಿ, ಅಂದರೆ ‘ಮೂರು ದಾರಿ ಕೂಡುವಲ್ಲಿ’.

ಕಥೆ ಇಷ್ಟೇ. ಜಿಯಾವೋ ಝಾನ್ ಎಂಬ ಸೇನಾನಿಯನ್ನು ಗಡಿಪಾರು ಮಾಡಲಾಗಿದೆ. ದಾರಿಯಲ್ಲಿ ಅವನಿಗೆ ಅಪಾಯವಾಗದಿರಲೆಂದು ರೆನ್ ತಾಂಗ್‌ಹುಯ್ ಎಂಬ ವೀರ ಗುಟ್ಟಾಗಿ ಹಿಂಬಾಲಿಸಿ ಅದೇ ಛತ್ರದಲ್ಲಿ ಇಳಿಯುತ್ತಾನೆ. ಛತ್ರದ ಯಜಮಾನ ಲಿಯು ಲಿಹುವಾ ಕೂಡ ಸೇನಾನಿಯ ಹಿತೈಷಿಯೇ. ಆದರೆ ಅವನಿಗೆ ಹೊಸದಾಗಿ ಬಂದವನ ಮೇಲೆ ಅನುಮಾನ. ನಡುರಾತ್ರಿ ಕತ್ತಲ ಕೋಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೊಲೆಗಾರರೆಂದು ತಿಳಿದು ಹೊಡೆದಾಡುತ್ತಾರೆ. ಹಳೆಯ ಪಾಠದಲ್ಲಿ ಛತ್ರದವನು ನಿಜವಾಗಿಯೂ ದುಷ್ಟ. ಈಗ ಸಾಮಾನ್ಯವಾಗಿ ಆಡುವುದು ಮೇಲೆ ಹೇಳಿದ ಪಾಠ.

ರಂಗದ ಮೇಲೆ ದೀಪಗಳು ಪೂರ್ತಿ ಉರಿಯುತ್ತಿರುತ್ತವೆ. ಕತ್ತಲೆ ಇರುವುದು ನಟರ ಮೈಯಲ್ಲಿ. ಬಿಳಿ ಉಡುಗೆಯ ರೆನ್ ಮೇಜಿನ ಮೇಲೆ ಮಲಗಿದ್ದಾನೆ, ಆ ಮೇಜೇ ಮಂಚ. ಕಪ್ಪು ಉಡುಗೆಯ ಲಿಯು ಬಾಗಿಲಿನ ಅಗುಳಿಯನ್ನು ಕತ್ತಿಯ ತುದಿಯಿಂದ ಸರಿಸುತ್ತಾನೆ. ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ. ಒಳಗೆ ಬಂದವನು ಕೈ ಚಾಚಿ ಗಾಳಿಯನ್ನು ತಡವುತ್ತಾನೆ. ಇಬ್ಬರ ಮುಖಗಳ ನಡುವೆ ಗೇಣು ಅಂತರವಿರುತ್ತದೆ, ಆದರೆ ಇಬ್ಬರ ಕಣ್ಣುಗಳೂ ಇನ್ನೆಲ್ಲೋ ನೋಡುತ್ತಿರುತ್ತವೆ. ಕತ್ತಿ ಮೂಗಿನ ಮುಂದೆಯೇ ಹಾದುಹೋದರೂ ರೆಪ್ಪೆ ಅಲುಗುವುದಿಲ್ಲ. ಕಾಣದ ಕತ್ತಿಗೆ ರೆಪ್ಪೆ ಯಾಕೆ ಅಲುಗಬೇಕು? ಮೊದಲ ಸಲ ಕಾಳಗ ನೋಡಿ ಆನಂದಿಸಿ. ಎರಡನೆಯ ಸಲ ನಟರ ಕಣ್ಣುಗಳನ್ನು ಮಾತ್ರ ನೋಡಿ. ಮೂರನೆಯ ಸಲ ಪಾದಗಳನ್ನು ಮಾತ್ರ ನೋಡಿ, ಸದ್ದಾಗದಂತೆ ಹೇಗೆ ಊರುತ್ತಾರೆಂದು ಗಮನಿಸಿ.

ಇಲ್ಲಿ ಕಲಿತದ್ದು ಎಲ್ಲೆಡೆ ಉಪಯೋಗಕ್ಕೆ ಬರುತ್ತದೆ. ಸಾಂಪ್ರದಾಯಿಕ ರಂಗದ ಸಾಮಾನು ಒಂದು ಮೇಜು, ಎರಡು ಕುರ್ಚಿ. ಅವುಗಳೇ ಸಿಂಹಾಸನ, ಬೆಟ್ಟ, ಗೋಡೆ, ಬಾವಿ ಆಗುತ್ತವೆ. ಗೊಂಡೆ ಕಟ್ಟಿದ ಚಾವಟಿ ಕೈಯಲ್ಲಿದ್ದರೆ ನಟ ಕುದುರೆಯ ಮೇಲಿದ್ದಾನೆ. ಹುಟ್ಟು ಹಿಡಿದಿದ್ದರೆ ದೋಣಿಯಲ್ಲಿದ್ದಾನೆ. ಚಕ್ರದ ಚಿತ್ರ ಬರೆದ ಎರಡು ಬಾವುಟಗಳ ನಡುವೆ ನಡೆದರೆ ರಥದಲ್ಲಿದ್ದಾನೆ. ನಾಲ್ಕು ಸೈನಿಕರು ಎಂದರೆ ಒಂದು ಸೈನ್ಯ. ರಂಗವನ್ನು ಒಂದು ಸುತ್ತು ಹಾಕಿದರೆ ನೂರಾರು ಮೈಲಿ ಪ್ರಯಾಣ ಮುಗಿಯಿತು. ದೊಡ್ಡ ಎಲ್‌ಇಡಿ ಪರದೆ, ಹೊಗೆ, ಬಣ್ಣದ ದೀಪ ತುಂಬಿದ ಹೊಸ ನಿರ್ಮಾಣಗಳೂ ಇವೆ. ಮೊದಲಿಗೆ ಅವು ಬೇಡ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಿಂದೆ ನದಿಯ ಚಿತ್ರ ಹರಿಯುತ್ತಿದ್ದರೆ ನಟ ಮೈಯಿಂದ ನದಿ ತೋರಿಸುವುದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 5: ಕಿವಿಯನ್ನು ಪಳಗಿಸಿ

ಬಹಳ ಜನ ಕೈಬಿಡುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೋಗೋಣ.

ಹಿಮ್ಮೇಳ ಎರಡು ಭಾಗ. ‘ವೆನ್‌ಚಾಂಗ್’ ಅಂದರೆ ತಂತಿ ಮತ್ತು ಗಾಳಿ ವಾದ್ಯಗಳು, ‘ವುಚಾಂಗ್’ ಅಂದರೆ ಹೊಡೆಯುವ ವಾದ್ಯಗಳು. ಎರಡಕ್ಕೂ ನಾಯಕ ಒಬ್ಬನೇ, ಒಂದು ಕೈಯಲ್ಲಿ ಮರದ ಚಿಟಿಕೆ ಹಿಡಿದು ಇನ್ನೊಂದರಲ್ಲಿ ‘ಬಾನ್‌ಗು’ ಎಂಬ ಪುಟ್ಟ ಡೋಲು ಬಾರಿಸುವವನು. ನಮ್ಮ ಭಾಗವತರು ಪಾತ್ರಗಳ ಪರವಾಗಿ ತಾವೇ ಹಾಡಿ ಆಟ ನಡೆಸುತ್ತಾರೆ. ಇಲ್ಲಿ ಡೋಲಿನವನು ಬಾಯಿ ತೆರೆಯುವುದಿಲ್ಲ, ಹಾಡೆಲ್ಲ ನಟರದೇ. ಆದರೆ ನಟನ ಒಂದು ತೋಳಿನ ಬೀಸನ್ನು ನೋಡಿ ಡೋಲಿನವನು ಕಡ್ಡಿ ಎತ್ತಿದರೆ ಇಡೀ ಹಿಮ್ಮೇಳ ತಿರುಗುತ್ತದೆ.

ಮೊದಲು ಜಾಗಟೆಗಳನ್ನು ಬೇರ್ಪಡಿಸಿ ಕೇಳಿ. ಎರಡು ಇವೆ. ದೊಡ್ಡ ಜಾಗಟೆಯ ನಾದ ಹೊಡೆದ ಮೇಲೆ ಕೆಳಗೆ ಜಾರುತ್ತದೆ, ಸಣ್ಣದರ ನಾದ ಮೇಲಕ್ಕೆ ಏರುತ್ತದೆ. ಸೇನಾನಿಗಳು, ಗಣ್ಯರು ಬರುವಾಗ ದೊಡ್ಡದು. ಹೆಂಗಸರು, ವಿದೂಷಕರು ಬರುವಾಗ ಹೆಚ್ಚಾಗಿ ಸಣ್ಣದು. ಪರದೆಯಿಂದ ಕಣ್ಣು ತೆಗೆದು ಬರೀ ಕೇಳಿ, ಯಾರು ಬರುತ್ತಿದ್ದಾರೆಂದು ಊಹಿಸಿ. ಈ ಅಭ್ಯಾಸ ಮಾಡಿದ ಮೇಲೆ ಗದ್ದಲವೆನಿಸಿದ್ದು ಸುದ್ದಿಯಾಗಿ ಕೇಳಿಸುತ್ತದೆ. ಮುಂದೆ, ಕಾಳಗದ ಓಟವೆಲ್ಲ ಒಮ್ಮೆಲೇ ನಿಂತು ನಟ ಕಲ್ಲಿನಂತೆ ನಿಲ್ಲುವ ಕ್ಷಣವನ್ನು ಗಮನಿಸಿ. ಅದಕ್ಕೆ ‘ಲಿಯಾಂಗ್‌ಶಿಯಾಂಗ್’ ಎನ್ನುತ್ತಾರೆ. ಆ ನಿಲುವಿಗೆ ಜಾಗಟೆಯ ಕೊನೆಯ ಪೆಟ್ಟು ಸರಿಯಾಗಿ ಬಂದು ಬಿದ್ದಿತೇ ಎಂದು ನೋಡುವುದೇ ಒಂದು ಸುಖ.

ಆಮೇಲೆ ‘ಜಿಂಗ್‌ಹು’. ಬಿದಿರಿನ ಪುಟ್ಟ ಕೊಳವೆಗೆ ಹಾವಿನ ಚರ್ಮ ಬಿಗಿದ ಎರಡು ತಂತಿಯ ಪಿಟೀಲು, ಎಲ್ಲಕ್ಕಿಂತ ಮೇಲೆ ಕೇಳುವ ಚೂಪು ದನಿ ಅದರದು. ಅದು ಹಾಡುವವರ ಬೆನ್ನು ಬಿಡದೆ ಹೋಗುತ್ತದೆ. ಇದರ ಜೊತೆಗೆ ಕೆಳಗಿನ ಸ್ಥಾಯಿಯಲ್ಲಿ ಮೆತ್ತಗೆ ಕೇಳುವ ‘ಜಿಂಗ್ ಅರ್‌ಹು’ 1920ರ ದಶಕದಲ್ಲಿ ಮೇಯ್ ಲಾನ್‌ಫಾಂಗ್ ಅವರ ಮೇಳದಲ್ಲಿ ಸೇರಿಕೊಂಡದ್ದು.

ಹಂತ 2ರಲ್ಲಿ ಹೇಳಿದ ಎರಡು ರಾಗ ಕುಟುಂಬಗಳು ನೆನಪಿವೆಯಲ್ಲ? ಹುಬೇಯ್‌ನಿಂದ ಬಂದ ಶಿಪಿ ಚುರುಕು, ಹೊಳಪು. ಸಿಟ್ಟು, ಸಂತೋಷ, ವಾದ ವಿವಾದಕ್ಕೆ. ಆನ್‌ಹುಯ್ ಮೇಳಗಳು ತಂದ ಅರ್‌ಹುವಾಂಗ್ ಗಂಭೀರ, ತಗ್ಗು. ನೆನಪು, ಚಿಂತೆ, ದುಃಖಕ್ಕೆ. ಎರಡಕ್ಕೂ ಜಿಂಗ್‌ಹು ಶ್ರುತಿಯೇ ಬೇರೆ. ಒಂದೊಂದರೊಳಗೂ ನಿಧಾನ, ಮಧ್ಯಮ, ವೇಗದ ಗತಿಗಳಿವೆ, ತಾಳವೇ ಇಲ್ಲದ ಮುಕ್ತ ಗತಿಯೂ ಇದೆ. ಹೆಸರುಗಳನ್ನೆಲ್ಲ ಉರುಹೊಡೆಯಬೇಕಿಲ್ಲ. ಒಂದನ್ನು ಮಾತ್ರ ನೆನಪಿಡಿ: ಪರದೆಯ ಹಿಂದಿನಿಂದ ತಾಳವಿಲ್ಲದೆ ಒಂದು ನೀಳವಾದ ಸಾಲು ಕೇಳಿಬಂದರೆ ಅದು ‘ದಾವೋಬಾನ್’, ಮುಖ್ಯ ಪಾತ್ರ ಭಾವೋದ್ವೇಗದಲ್ಲಿ ಬರಲಿದೆ ಎಂಬ ಸೂಚನೆ. ಸಭೆ ಕಿವಿ ನಿಮಿರಿಸುವುದು ಆಗಲೇ.

ಎಚ್ಚರಿಕೆ: ಹಾಡಿನ ನಡುವೆ ನಟಿ ಒಂದೇ ಅಕ್ಷರವನ್ನು ಬಹಳ ಹೊತ್ತು ಎಳೆದರೆ ವಿಡಿಯೋವನ್ನು ಮುಂದೆ ಓಡಿಸಬೇಡಿ. ಜನ ಟಿಕೆಟ್ ಕೊಟ್ಟದ್ದು ಆ ಎಳೆತಕ್ಕೇ.

ಹಂತ 6: ಈಗ ಒಂದು ಹಾಡಿನ ಪ್ರಸಂಗ

‘ಗುಯ್‌ಫೇಯ್ ಜುಯ್‌ಜಿಯು’, ಅಂದರೆ ‘ಅಮಲೇರಿದ ರಾಣಿ’. ಪೇರ್ ತೋಟದ ಅದೇ ಚಕ್ರವರ್ತಿ ಶುವಾನ್‌ಝೋಂಗ್ ತನ್ನ ಪ್ರೀತಿಯ ರಾಣಿ ಯಾಂಗ್ ಗುಯ್‌ಫೇಯ್‌ಗೆ ನೂರು ಹೂಗಳ ಮಂಟಪದಲ್ಲಿ ಔತಣ ಸಿದ್ಧಪಡಿಸಲು ಹೇಳಿದ್ದಾನೆ. ಅವಳು ಸಿಂಗರಿಸಿಕೊಂಡು ಬಂದು ಕಾಯುತ್ತಾಳೆ. ಅವನು ಬರುವುದಿಲ್ಲ, ಇನ್ನೊಬ್ಬ ರಾಣಿಯ ಅರಮನೆಗೆ ಹೋದನೆಂದು ಸುದ್ದಿ ಬರುತ್ತದೆ. ಅವಳು ಒಬ್ಬಳೇ ಕುಡಿಯುತ್ತಾಳೆ. ಕಥೆ ಮುಗಿಯಿತು. ನೋಡಬೇಕಾದ್ದೆಲ್ಲ ಇನ್ನು ಮುಂದೆ ಇದೆ.

ಬಟ್ಟಲುಗಳನ್ನು ಗಮನಿಸಿ. ಮೊದಲ ಬಟ್ಟಲನ್ನು ಬೀಸಣಿಗೆಯ ಮರೆಯಲ್ಲಿ ಮೆಲ್ಲಗೆ ಹೀರುತ್ತಾಳೆ. ದಾಸಿಯರ ಮುಂದೆ ರಾಣಿಯ ಘನತೆ ಉಳಿಯಬೇಕು. ಎರಡನೆಯದಕ್ಕೆ ಬೀಸಣಿಗೆ ಮರೆಯಾಗುವುದಿಲ್ಲ. ಮೂರನೆಯದನ್ನು ಒಂದೇ ಗುಟುಕಿಗೆ ಮುಗಿಸುತ್ತಾಳೆ. ಆಮೇಲೆ ನಪುಂಸಕ ಸೇವಕ ಮಂಡಿಯೂರಿ ತಟ್ಟೆಯಲ್ಲಿ ಹಿಡಿದ ಬಟ್ಟಲನ್ನು ಹಲ್ಲುಗಳಿಂದ ಕಚ್ಚಿ ಎತ್ತಿ, ಸೊಂಟವನ್ನು ಹಿಂದಕ್ಕೆ ಬಾಗಿಸಿ ಕುಡಿಯುತ್ತಾಳೆ. ಕಿರೀಟದ ಮುತ್ತಿನ ಸರಗಳು ಆಗ ಎಷ್ಟು ಅಲುಗುತ್ತವೆ ಎಂದು ನೋಡಿ. ನಟಿಯ ಹತೋಟಿ ಗೊತ್ತಾಗುವುದು ಅಲ್ಲಿ.

ಇನ್ನೊಂದು ಚಲನೆ ಇದೆ, ‘ವೋಯೂ’ ಎಂದು. ಕಾಲುಗಳನ್ನು ಹೆಣೆದು, ಮೈಯನ್ನು ತಿರುಚುತ್ತ ನಿಧಾನವಾಗಿ ನೆಲಕ್ಕೆ ಇಳಿಯುವುದು. ಮೊದಲು ಇದು ಬರೀ ಮೈಕಸರತ್ತಾಗಿ ಬರುತ್ತಿತ್ತು. ಅದಕ್ಕೆ ಕಾರಣ ಕೊಟ್ಟವರು ಮೇಯ್ ಲಾನ್‌ಫಾಂಗ್. ರಾಣಿ ಕೆಳಗೆ ಬಗ್ಗುವುದು ಹೂವಿನ ಪರಿಮಳ ನೋಡಲು ಎಂದು ಅವರು ಅಭಿನಯಿಸಿದರು, ಕೈ ಗಿಡವನ್ನು ಮೆಲ್ಲನೆ ಬಾಗಿಸಿ ಮೂಗಿಗೆ ತರುತ್ತದೆ. ಅಂದಿನಿಂದ ಆ ಕಾಣದ ಹೂವು ಪ್ರಸಂಗದಲ್ಲಿ ಉಳಿದಿದೆ. ಒಬ್ಬ ನಟ ಸಂಪ್ರದಾಯವನ್ನು ಮುರಿಯದೆ ಅದರೊಳಗೆ ಉಸಿರು ತುಂಬುವುದು ಹೇಗೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಮೇಯ್ ಅವರೇ ಆಡಿದ ಈ ಪ್ರಸಂಗ 1955ರಲ್ಲಿ ಅವರ ರಂಗಕಲೆಯ ಬಗ್ಗೆ ತೆಗೆದ ಬಣ್ಣದ ಚಿತ್ರದಲ್ಲಿದೆ. ಆಗ ಅವರಿಗೆ 60 ದಾಟಿತ್ತು. ಗಂಡಸೊಬ್ಬ ರಾಣಿಯ ಪಾತ್ರ ಮಾಡಿದ್ದನ್ನು ಕಂಡು ಮುಜುಗರಪಡಬೇಡಿ. ಚಿಂಗ್ ವಂಶದ ಕಾಲದಲ್ಲಿ ಬೀಜಿಂಗ್‌ನ ರಂಗದ ಮೇಲೆ ಹೆಂಗಸರಿಗೆ ಅವಕಾಶವಿರಲಿಲ್ಲ, ದಾನ್ ಕಲೆ ಬೆಳೆದದ್ದೇ ಗಂಡಸರ ಕೈಯಲ್ಲಿ. ಮೇಯ್, ಚೆಂಗ್ ಯಾನ್‌ಚಿಯು, ಶಾಂಗ್ ಶಿಯಾವೋಯುನ್, ಶುನ್ ಹುಯ್‌ಶೆಂಗ್ ಎಂಬ ‘ನಾಲ್ವರು ಮಹಾ ದಾನ್’ ಎಲ್ಲರೂ ಗಂಡಸರೇ. ಇಂದು ಈ ಪಾತ್ರಗಳಲ್ಲಿ ಬಹುಪಾಲು ಹೆಣ್ಣುಮಕ್ಕಳಿದ್ದಾರೆ. ಮೇಯ್ ಅವರ ಚಿತ್ರ ನೋಡಿದ ಮೇಲೆ ಇಂದಿನ ನಟಿಯೊಬ್ಬರ ಇದೇ ಪ್ರಸಂಗ ನೋಡಿ. ಇಬ್ಬರ ನಡುವಿನ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲು ನಿಮಗೆ ಸಾಧ್ಯವಾದ ದಿನ ಧೈರ್ಯವಾಗಿ ಮುಂದಿನ ಹಂತಕ್ಕೆ ಹೋಗಿ.

ಹಂತ 7: ಧ್ವನಿಮುದ್ರಿಕೆ ಹುಡುಕುವ ಬಗೆ

ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಪ್ರವಾಸಿಗರ ಎರಡು ನಿಮಿಷದ ತುಣುಕುಗಳೇ ಹೆಚ್ಚು ಬರುತ್ತವೆ. ಪ್ರಸಂಗದ ಅಥವಾ ನಟರ ವಿಕಿಪೀಡಿಯ ಪುಟ ತೆರೆದು, ಮೊದಲ ಸಾಲಿನಲ್ಲಿರುವ ಚೀನೀ ಅಕ್ಷರಗಳನ್ನು ನಕಲು ಮಾಡಿ ಯೂಟ್ಯೂಬ್‌ನಲ್ಲಿ ಹಾಕಿ. ಪೂರ್ಣ ಪ್ರದರ್ಶನಗಳು ಸಿಗುತ್ತವೆ. ಚೀನಾದ ಸರ್ಕಾರಿ ದೂರದರ್ಶನದ 11ನೇ ವಾಹಿನಿ ಒಪೇರಾಕ್ಕೇ ಮೀಸಲು, ಅದರ ಮುದ್ರಿಕೆಗಳ ಚಿತ್ರ ಮತ್ತು ಧ್ವನಿ ಚೆನ್ನಾಗಿರುತ್ತವೆ.

ಎಚ್ಚರಿಕೆ: ‘ಯಿನ್‌ಪೇಯ್‌ಶಿಯಾಂಗ್’ ಎಂಬ ಮುದ್ರಿಕೆಗಳ ಸರಣಿ ಇದೆ. ಹಳೆಯ ಮಹಾನ್ ಗಾಯಕರ ಧ್ವನಿಮುದ್ರಣಗಳಿಗೆ ಆಮೇಲಿನ ತಲೆಮಾರಿನ ನಟರು ತುಟಿ ಆಡಿಸಿ ಅಭಿನಯಿಸಿದ್ದು. ಕೇಳುವುದು ಒಬ್ಬರನ್ನು, ನೋಡುವುದು ಇನ್ನೊಬ್ಬರನ್ನು. ಹಾಡು ಕಲಿಯಲು ಇವು ನಿಧಿ. ಆದರೆ ಅಭಿನಯವನ್ನು ಆ ಹಳೆಯ ಗಾಯಕರದೇ ಎಂದು ಭಾವಿಸಿ ತೀರ್ಪು ಕೊಡಬೇಡಿ.

ಕಿವಿ ಒಗ್ಗಿದ ಮೇಲೆ ಕುನ್‌ಚು ಕಡೆ ಬನ್ನಿ. ತಾಂಗ್ ಶಿಯಾನ್‌ಝು 1598ರಲ್ಲಿ ಬರೆದ ‘ಪಿಯೋನಿ ಮಂಟಪ’ದಲ್ಲಿ 55 ದೃಶ್ಯಗಳಿವೆ. ಅದರಿಂದ ‘ತೋಟದ ವಿಹಾರ’ದ ದೃಶ್ಯ ಒಂದನ್ನೇ ನೋಡಿ. ಮನೆಯಿಂದ ಹೊರಗೆ ಕಾಲಿಡದ ಹುಡುಗಿ ದು ಲಿನಿಯಾಂಗ್ ದಾಸಿಯ ಜೊತೆ ಮೊದಲ ಬಾರಿ ಹಿತ್ತಲ ತೋಟಕ್ಕೆ ಬರುತ್ತಾಳೆ, ಹಾಳುಬಿದ್ದ ಗೋಡೆಗಳ ನಡುವೆ ವಸಂತ ಅರಳಿರುವುದನ್ನು ಕಂಡು ಕರಗುತ್ತಾಳೆ. ಇಬ್ಬರ ಬೀಸಣಿಗೆಗಳು ಒಂದೇ ಉಸಿರಿನಲ್ಲಿ ಚಲಿಸುತ್ತವೆ. ಇಡೀ ನಾಟಕದ ಹಸಿವು ಹುಟ್ಟಿದರೆ, 2004ರಲ್ಲಿ ಲೇಖಕ ಪಾಯ್ ಶಿಯೆನ್‌ಯುಂಗ್ ಸುಝೌ ಕಲಾವಿದರೊಂದಿಗೆ ಮಾಡಿಸಿದ, ಮೂರು ಸಂಜೆ ನಡೆಯುವ ಸುಮಾರು ಒಂಬತ್ತು ಗಂಟೆಯ ಪ್ರದರ್ಶನ ಇದೆ.

ಹಂತ 8: ರಂಗಮಂದಿರಕ್ಕೆ ಹೋಗುವಾಗ

ಬೀಜಿಂಗ್‌ಗೆ ಹೋಗುವವರು ಮೇಯ್ ಲಾನ್‌ಫಾಂಗ್ ಮಹಾ ರಂಗಮಂದಿರ ಅಥವಾ ಚಾಂಗ್‌ಆನ್ ಮಹಾ ರಂಗಮಂದಿರದ ಕಾರ್ಯಕ್ರಮ ಪಟ್ಟಿ ನೋಡಿ. 1807ರಲ್ಲಿ ಕಟ್ಟಿದ ಹುಗುವಾಂಗ್ ಸಭಾಭವನದ ಹಳೆಯ ಮರದ ರಂಗವನ್ನೂ ನೋಡಿ ಬನ್ನಿ. ಶಾಂಘೈನಲ್ಲಿ ಯಿಫು ರಂಗಮಂದಿರ. ಹಾಂಗ್‌ಕಾಂಗ್‌ನ ಪಶ್ಚಿಮ ಕೌಲೂನ್‌ನಲ್ಲಿ 2019ರಲ್ಲಿ ತೆರೆದ ಶಿಚು ಕೇಂದ್ರದ ಚಹಾಮನೆ ರಂಗದಲ್ಲಿ ಹೊಸಬರಿಗಾಗಿಯೇ ವಿವರಣೆ ಸಹಿತ ಕ್ಯಾಂಟನೀಸ್ ಒಪೇರಾ ತುಣುಕುಗಳನ್ನು ಆಡುತ್ತಾರೆ. ಮೊದಲ ಅನುಭವಕ್ಕೆ ಅದು ಹೇಳಿಮಾಡಿಸಿದ ಜಾಗ. ಚೀನಾದಲ್ಲಿ ಟಿಕೆಟ್ ಕೊಳ್ಳಲು, ಒಳಗೆ ಹೋಗಲು ಗುರುತಿನ ಚೀಟಿ ಕೇಳಬಹುದು, ಪಾಸ್‌ಪೋರ್ಟ್ ಕೈಯಲ್ಲಿರಲಿ.

ಹೋಟೆಲುಗಳಲ್ಲಿ ಪ್ರವಾಸಿಗರಿಗಾಗಿ ನಡೆಯುವ ಆಟಗಳಲ್ಲಿ ಕಾಳಗ ಮತ್ತು ಲಾಗ ಹೆಚ್ಚು, ಹಾಡು ಕಡಿಮೆ. ಮಕ್ಕಳ ಜೊತೆ ಹೋದರೆ ಅದೇ ಸಾಕು. ಈ ಲೇಖನದ ಹಂತಗಳನ್ನು ಮಾಡಿ ಬಂದವರು ಮಾತ್ರ ಸ್ಥಳೀಯರು ಹೋಗುವ ರಂಗಮಂದಿರಕ್ಕೇ ಹೋಗಿ.

ಆಸನ ಆರಿಸುವಾಗ ನಡುಭಾಗಕ್ಕಿಂತ ಸ್ವಲ್ಪ ಎಡಕ್ಕೆ ಕೂರಿ. ಹಿಮ್ಮೇಳ ಸಾಮಾನ್ಯವಾಗಿ ಪ್ರೇಕ್ಷಕರ ಬಲಬದಿಯಲ್ಲಿರುತ್ತದೆ, ಪಾತ್ರಗಳು ಎಡದಿಂದ ಪ್ರವೇಶಿಸುತ್ತವೆ. ಜಾಗಟೆಗೆ ದೂರವೂ ಆಯಿತು, ಪ್ರವೇಶಕ್ಕೆ ಹತ್ತಿರವೂ ಆಯಿತು. ಬೀಜಿಂಗ್ ರಸಿಕರು ಪ್ರದರ್ಶನದ ನಡುವೆಯೇ ‘ಹಾವೋ!’ ಎಂದು ಕೂಗುತ್ತಾರೆ, ಭೇಷ್ ಎಂದ ಹಾಗೆ. ನೀವೂ ಕೂಗಬಹುದು, ಆದರೆ ಹೊತ್ತು ನೋಡಿ: ಎಳೆದ ಸಾಲು ಮುಗಿದು ದನಿ ನಿಂತ ಮೇಲೆ, ಅಥವಾ ಲಿಯಾಂಗ್‌ಶಿಯಾಂಗ್ ನಿಲುವಿನ ಮೇಲೆ. ನಟ ತಪ್ಪಿದಾಗ ಕೂಗಿದರೆ ಅದು ಅಣಕವೆಂದೇ ಲೆಕ್ಕ. ಗೊಂದಲವಾದರೆ ಅಕ್ಕಪಕ್ಕದ ಹಿರಿಯರನ್ನು ಅನುಸರಿಸಿ. ಕುನ್‌ಚು ಪ್ರದರ್ಶನದಲ್ಲಿ ಸಭೆ ಹೆಚ್ಚು ಶಾಂತ, ಅಲ್ಲಿ ಬಾಯಿಗೆ ಬೀಗ ಹಾಕಿರಿ.

ಸಿಂಗಪುರ ಮತ್ತು ಮಲೇಷ್ಯಾದಲ್ಲಿರುವ ಕನ್ನಡಿಗರಿಗೆ ವಿಮಾನ ಹತ್ತುವ ಅಗತ್ಯವೇ ಇಲ್ಲ. ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ, ಅಂದರೆ ಹೆಚ್ಚುಕಡಿಮೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಪಿತೃಗಳ ಹಬ್ಬಕ್ಕೆ ದೇವಸ್ಥಾನಗಳ ಮುಂದೆ ತಾತ್ಕಾಲಿಕ ರಂಗ ಕಟ್ಟಿ ತಿಯೋಚೂ, ಹೊಕ್ಕಿಯೆನ್ ಭಾಷೆಯ ಮೇಳಗಳು ಆಡುತ್ತವೆ. ಪ್ರವೇಶ ಉಚಿತ. ರಂಗ ದೇವರ ಗುಡಿಯತ್ತ ಮುಖ ಮಾಡಿರುತ್ತದೆ, ಏಕೆಂದರೆ ಮೊದಲ ಪ್ರೇಕ್ಷಕ ದೇವರೇ. ಮುಂದಿನ ಸಾಲಿನ ಕುರ್ಚಿಗಳು ಖಾಲಿ ಇದ್ದರೆ ಕೂರಬೇಡಿ, ಅವು ಪಿತೃಗಳಿಗೆ ಬಿಟ್ಟ ಜಾಗ. ಬೇಗ ಹೋದರೆ ರಂಗದ ಹಿಂಬದಿಯಲ್ಲಿ ನಟರು ಬಣ್ಣ ಹಚ್ಚಿಕೊಳ್ಳುವುದು ಕಾಣಿಸುತ್ತದೆ. ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ.